ಹಾವಿಗೆ ಕೊಟ್ಟ ಬೀರು

ವರ್ನಾ ಟ್ರೆವಿನ್ ತನ್ನ ಮಗನ ಮನೆಗೆ ಬಂದ ದಿನ ಹಾವು ಕೋಣೆ ಖಾಲಿ ಮಾಡಬೇಕಾಯಿತು.

ಆ ಮನೆಯಲ್ಲಿ ಬಿಸಿಲು ಬೀಳುವ ಕೋಣೆ ಇದ್ದದ್ದು ಅದೊಂದೇ. ಹಿತ್ತಲ ಕಡೆ, ಉತ್ತರಕ್ಕೆ ಮುಖ. ಭೂಮಿಯ ದಕ್ಷಿಣಾರ್ಧದ ಬ್ಯಾಲರಾಟಿನಲ್ಲಿ ಚಳಿಗಾಲವಾದ ಜೂನ್ ತಿಂಗಳಲ್ಲಿ ಅಂಗಳದ ಹುಲ್ಲೆಲ್ಲ ಮಂಜುಗಟ್ಟಿ ಬೆಳ್ಳಗಾಗಿರುವಾಗಲೂ ಆ ಕೋಣೆಯ ನೆಲಹಾಸು ಕಾಫಿಯ ಹೊತ್ತಿಗೆ ಬೆಚ್ಚಗಾಗಿರುತ್ತಿತ್ತು. ವರ್ನಾ ಸೊಂಟದ ಮೂಳೆ ಮುರಿದುಕೊಂಡು, ಆಸ್ಪತ್ರೆಯಲ್ಲಿ ಅದನ್ನು ಕೂಡಿಸಿಕೊಂಡು, ಬಂಗರಿ ಹಳ್ಳಿಯ ಆಲೂಗಡ್ಡೆ ಹೊಲ ಮತ್ತು ಮನೆಯನ್ನು ಮಾರಿ ಬಂದಿದ್ದಳು. ಬೆಚ್ಚನೆಯ ಕೋಣೆ ಅವಳಿಗೇ ಸಲ್ಲಬೇಕು ಎಂಬುದರಲ್ಲಿ ಯಾರಿಗೂ ಎರಡು ಮಾತಿರಲಿಲ್ಲ. ಮೊಮ್ಮಗಳು ಶೆಲ್ಬಿಗೂ ಇರಲಿಲ್ಲ. ಆದರೆ ಅಂದು ರಾತ್ರಿ ಅವಳು ಊಟಕ್ಕೆ ಬಂದು ಕುಳಿತು, ಎರಡು ತುತ್ತಿಗೇ ಎದ್ದುಹೋದಳು.

ಹಾವು ಅವಳದು. ಕೈಯುದ್ದದ ಮರಿಯಾಗಿದ್ದಾಗ ಸರ್ಕಾರಿ ಪರವಾನಗಿ ಮಾಡಿಸಿಕೊಂಡು ಮಿಲ್ಡೂರಾ ಊರಿನ ಹಾವು ಸಾಕುವವನೊಬ್ಬನಿಂದ ತಂದದ್ದು. ಈಗ ಶೆಲ್ಬಿಯಷ್ಟೇ ಉದ್ದದ ಹೆಬ್ಬಾವು. ಬೂದುಬಣ್ಣದ ಮೈಮೇಲೆ ಒಣಗಿದ ಎಲೆಗಳನ್ನು ಜೋಡಿಸಿಟ್ಟಂತೆ ಚಿತ್ತಾರ.

"ಹೆಸರೇನಂದೆ?" ವರ್ನಾ ಕೋಲೂರಿಕೊಂಡು ಬಾಗಿಲಲ್ಲೇ ನಿಂತು ಕೇಳಿದಳು.

"ಬೆರಿಲ್, ಅಜ್ಜಿ."

"ಬೆರಿಲ್ಲಾ? ನಿಮ್ಮ ತಾತನ ತಂಗಿ ಹೆಸರು?"

"ಅವರ ಹೆಸರು ಅಂತ ಇಟ್ಟಿದ್ದಲ್ಲ. ಕೇಳೋಕೆ ಚೆನ್ನಾಗಿತ್ತು, ಇಟ್ಟೆ."

"ಸರಿಯಾಗೇ ಇಟ್ಟಿದೀಯ ಬಿಡು. ಅವಳೂ ಹೀಗೇ, ಕಣ್ಣು ಮಿಟುಕಿಸದೆ ನೋಡೋಳು." ವರ್ನಾ ಒಂದು ಹೆಜ್ಜೆ ಹಿಂದೆ ಸರಿದಳು. "ನೋಡು ಮಗು, ಬಂಗರೀಲಿ ನಾನು ಸನಿಕೇಲಿ ಕತ್ತರಿಸಿದ ಹಾವುಗಳನ್ನ ಸಾಲಾಗಿ ಮಲಗಿಸಿದ್ರೆ ಇಲ್ಲಿಂದ ರೈಲ್ವೆ ಸ್ಟೇಷನ್ ಮುಟ್ಟುತ್ತೆ. ಇದನ್ನ ಮುಟ್ಟಲ್ಲ, ಹೊಡೆಯೋದೂ ಇಲ್ಲ. ಅಷ್ಟು ಮಾತು ಕೊಡ್ತೀನಿ."

ಹಾವಿನ ಗಾಜಿನ ತೊಟ್ಟಿ ಟಿ.ವಿ. ಇರುವ ನಡುಕೋಣೆಯ ಮೂಲೆಗೆ ಹೋಯಿತು. ಆಲೂಗಡ್ಡೆ ಕಾರ್ಖಾನೆಯಲ್ಲಿ ಯಂತ್ರ ರಿಪೇರಿ ಮಾಡುವ ಗ್ಲಿನ್, ಎಂದರೆ ಶೆಲ್ಬಿಯ ತಂದೆ, ಟಿ.ವಿ.ಯ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ಒಂದು ತೂತು ಖಾಲಿ ಇದ್ದುದನ್ನು ನೋಡಿ ಹಾವಿನ ಹೀಟರನ್ನೂ ಅದಕ್ಕೇ ಚುಚ್ಚಿದ. ಅದು ಬೆಳಕಿಲ್ಲದೆ ಬರೀ ಕಾವು ಕೊಡುವ ಪಿಂಗಾಣಿಯ ಗುಂಡು. ಉರಿಯುತ್ತಿದೆಯೋ ಇಲ್ಲವೋ ಎಂದು ನೋಡಿದರೆ ತಿಳಿಯದು, ಹತ್ತಿರ ಕೈ ಹಿಡಿಯಬೇಕು.

ಮೊದಲ ವಾರ ಜಗಳವಾದದ್ದು ಫ್ರೀಜರಿನ ಬಗ್ಗೆ. ಸಂಜೆ ವರ್ನಾ ಬಟಾಣಿ ಹುಡುಕುತ್ತಿದ್ದವಳು ಒಂದು ಪೊಟ್ಟಣ ಬಿಚ್ಚಿ ಸೊಸೆಯನ್ನು ಕೂಗಿದಳು.

"ಜನೀನ್, ಈ ಬಟಾಣಿಗೆ ಬಾಲ ಇದೆ."

ಜನೀನ್ ಓಡಿ ಬಂದು ಕಿತ್ತುಕೊಂಡಳು. ಅವಳು ಊರಿನ ವೃದ್ಧರ ನಿವಾಸವೊಂದರಲ್ಲಿ ಅಡುಗೆಯವಳು. ಫ್ರೀಜರಿನಲ್ಲಿ ಯಾವುದು ಎಲ್ಲಿರಬೇಕು ಎಂಬುದರಲ್ಲಿ ಅವಳದು ಬಹಳ ಕಟ್ಟುನಿಟ್ಟು.

"ಶೆಲ್ಬೀ! ಹಾವಿನ ಇಲಿ ಕೆಳಗಿನ ಡಬ್ಬೀಲಿ, ಮುಚ್ಚಳ ಹಾಕಿ! ಎಷ್ಟು ಸಲ ಹೇಳ್ಬೇಕು ನಿಂಗೆ?"

"ಕೆಳಗಿನ ಡಬ್ಬೀಲಿ ಅಪ್ಪನ ಐಸ್‌ಕ್ರೀಮ್ ಇದೆ."

"ನನ್ನ ಐಸ್‌ಕ್ರೀಮ್ ಸುದ್ದಿಗೆ ಬರಬೇಡಿ," ಎಂದ ಗ್ಲಿನ್ ಒಳಗಿನಿಂದ.

ಅಂದು ರಾತ್ರಿ ಎಲ್ಲರೂ ಕುರಿಯ ಚಾಪ್ಸು, ಹಿಸುಕಿದ ಆಲೂಗಡ್ಡೆ ತಿಂದರು. ಬಟಾಣಿಯನ್ನು ಯಾರೂ ಮುಟ್ಟಲಿಲ್ಲ. ವರ್ನಾ ಮಾತ್ರ ಎರಡು ಸಲ ಹಾಕಿಸಿಕೊಂಡಳು.

ಎರಡನೆಯ ವಾರ ಬೆರಿಲ್ ತಿಂದ ಇಲಿಯನ್ನು ಕಕ್ಕಿತು.

ಶಾಲೆಯಿಂದ ಬಂದ ಶೆಲ್ಬಿ ಅದನ್ನು ನೋಡಿ ಚೀಲವನ್ನು ಅಲ್ಲೇ ಎಸೆದಳು. ಮೂಗು ಮುಚ್ಚಿಕೊಂಡು, ತೊಟ್ಟಿಯನ್ನು ಖಾಲಿ ಮಾಡಿ, ವಿನೆಗರ್ ನೀರಿನಲ್ಲಿ ಉಜ್ಜಿ ತೊಳೆದು, ಹೊಸ ಪೇಪರು ಹಾಸಿದಳು. ಊಟದ ಹೊತ್ತಿಗೆ ಅವಳ ಕೈ ಇನ್ನೂ ಕೆಂಪಗಿತ್ತು.

"ಹೊಟ್ಟೆ ಕೆಟ್ಟಿರುತ್ತೆ, ನಮಗೂ ಆಗಲ್ವಾ?" ಎಂದ ಗ್ಲಿನ್.

"ನಮ್ಮ ಹಾಗಲ್ಲ ಅಪ್ಪ. ಅವಳಿಗೆ ತನ್ನ ಸ್ವಂತ ಕಾವು ಅಂತ ಇಲ್ಲ. ಹೊರಗಿನ ಕಾವು ತಗೊಂಡೇ ತಿಂದಿದ್ದನ್ನ ಅರಗಿಸ್ಬೇಕು. ಕಾವು ಸಾಲದೇ ಇದ್ರೆ ಇಲಿ ಹೊಟ್ಟೇಲೇ ಕೊಳೆಯುತ್ತೆ. ಹೀಗೇ ಕಕ್ತಾ ಇದ್ರೆ ಸತ್ತೇ ಹೋಗ್ತಾಳೆ."

"ಹಾಗಾದ್ರೆ ಆ ಗಾಜಿನ ತೊಟ್ಟೀದೇ ತಪ್ಪು. ಬಿಸಿಲು ಕೋಣೇಲಿ ನಡೀತಿತ್ತು. ಇಲ್ಲಿ ನಾಕೂ ಕಡೆಯಿಂದ ಕಾವು ಸೋರಿಹೋಗುತ್ತೆ, ಮೇಲೆ ಬರೀ ಜಾಲರಿ. ಕಿಟಕಿ ತೆಗೆದಿಟ್ಟು ಮನೆ ಕಾಯಿಸಿದ ಹಾಗೆ."

ಶನಿವಾರ ಮಧ್ಯಾಹ್ನ ತಂದೆ ಮಗಳು ಸಾಕುಪ್ರಾಣಿಗಳ ಅಂಗಡಿಗೆ ಹೋದರು. ಅಲ್ಲಿ ಇನ್ನೂ ದೊಡ್ಡ ಗಾಜಿನ ತೊಟ್ಟಿ ಇತ್ತು. ಒಳಗೆ ಪ್ಲಾಸ್ಟಿಕ್ ಬಳ್ಳಿ, ಮೇಲೆ ಕೆಂಪು ದೀಪ. ನೋಡಲು ಬಲು ಚೆಂದ. ಗ್ಲಿನ್ ಅದರ ಜಾಲರಿಯ ಮೇಲೆ ಅಂಗೈ ಹಿಡಿದು, "ಅಂಗಡಿ ಛಾವಣಿ ಚೆನ್ನಾಗಿ ಬಿಸಿಯಾಗ್ತಿದೆ," ಎಂದು ಹೇಳಿ ಹೊರಗೆ ಬಂದ. ಮರದ ಪೆಟ್ಟಿಗೆಯೇ ಆಗಬೇಕು, ಅದನ್ನು ತಾನೇ ಮಾಡುತ್ತೇನೆ ಎಂದ. ಮರ ಎಲ್ಲಿದೆ ಎಂದು ಶೆಲ್ಬಿ ಕೇಳಿದಳು. ಅದನ್ನು ಅವನು ಯೋಚಿಸಿರಲಿಲ್ಲ.

ಮರ ಗ್ಯಾರೇಜಿನಲ್ಲೇ ಇತ್ತು. ಬಂಗರಿಯಿಂದ ಬಂದ ವರ್ನಾಳ ಬಟ್ಟೆ ಬೀರು. ಮದುವೆಯಲ್ಲಿ ಮಾಡಿಸಿದ್ದು. ಅವಳ ಕೋಣೆಗೆ ಹಿಡಿಸದೆ, ಮೇಲೆ ಕಂಬಳಿ ಹೊದ್ದುಕೊಂಡು ನಿಂತಿತ್ತು. ಅದನ್ನು ಕೇಳುವ ಧೈರ್ಯ ಗ್ಲಿನ್‌ಗೆ ಬರಲಿಲ್ಲ. ಎರಡು ದಿನ ಅದರ ಸುತ್ತ ಟೇಪು ಹಿಡಿದು ಓಡಾಡಿದ. ಮೂರನೆಯ ದಿನ ವರ್ನಾಳೇ ಅಡುಗೆಮನೆಯ ಕಿಟಕಿಯಿಂದ ಕೂಗಿದಳು.

"ಅದನ್ನ ಅಡ್ಡ ಮಲಗಿಸಿದ್ರೆ ಸರಿಯಾಗುತ್ತೆ ಕಣೋ! ಎಷ್ಟು ದಿನ ಅಳೀತೀಯ?"

"ಅಮ್ಮ, ಅದು ನಿನ್ನ ಮದುವೆ ಬೀರು."

"ಮದುವೆಯಾದೋನು ಹೋಗಿ ಒಂಬತ್ತು ವರ್ಷ ಆಯ್ತು. ನನ್ನ ಕೋಟುಗಳಿಗಂತೂ ಅದು ಆಗ್ಲಿಲ್ಲ, ಹಾವಿಗಾದ್ರೂ ಆಗ್ಲಿ. ಆದ್ರೆ ಒಂದು ಮಾತು. ನಿನ್ನ ಸೋದರತ್ತೆ ಬೆರಿಲ್ ನನ್ನ ಬೀರು ಮೇಲೆ ಮೊದಲಿಂದ್ಲೂ ಕಣ್ಣಿಟ್ಟಿದ್ಲು. ಕೊನೆಗೂ ಸಿಕ್ತು ಅವಳಿಗೆ."

ಗ್ಲಿನ್ ಒಳ್ಳೆಯ ಕೆಲಸಗಾರ. ಬೀರನ್ನು ಅಡ್ಡ ಮಲಗಿಸಿ, ಬಾಗಿಲು ತೆಗೆದು, ಆ ಜಾಗಕ್ಕೆ ಸರಿಯುವ ಗಾಜು ಹಾಕಿದ, ಗಾಜಿಗೆ ಬೀಗ ಇಟ್ಟ. ಗಾಳಿಗೆ ಒಂದು ತುದಿಯಲ್ಲಿ ಕೆಳಗೆ ತೂತು, ಇನ್ನೊಂದು ತುದಿಯಲ್ಲಿ ಮೇಲೆ ತೂತು. ಬಲಗಡೆ ಪಿಂಗಾಣಿ ಗುಂಡು, ಹಾವು ಸುತ್ತಿಕೊಂಡು ಸುಟ್ಟುಕೊಳ್ಳದಂತೆ ಅದರ ಸುತ್ತ ತಂತಿಯ ಪಂಜರ. ಕಾವು ಅಳೆದು ಗುಂಡನ್ನು ತಾನಾಗಿ ಹೊತ್ತಿಸಿ ಆರಿಸುವ ಥರ್ಮೋಸ್ಟ್ಯಾಟು ಹೊರಗೆ, ಬೀರಿನ ಪಕ್ಕದಲ್ಲಿ. ಎಡಗಡೆ ಏನೂ ಇಲ್ಲ.

"ಎರಡೂ ಕಡೆ ಒಂದೊಂದು ಹಾಕಿಬಿಡ್ಲಾ? ಚೆನ್ನಾಗಿ ಕಾಯುತ್ತೆ."

"ಬೇಡ ಅಪ್ಪ. ಅವಳಿಗೆ ಸೆಕೆ ಆದ್ರೆ ಎಲ್ಲಿಗೆ ಹೋಗ್ಬೇಕು? ಒಂದು ತುದಿ ಬಿಸಿ, ಒಂದು ತುದಿ ತಂಪು. ಎರಡೂ ಕಡೆ ಅವಿತುಕೊಳ್ಳೋಕೆ ಒಂದೊಂದು ಡಬ್ಬಿ. ಎಲ್ಲಿರ್ಬೇಕು ಅಂತ ಅವಳೇ ನೋಡ್ಕೋತಾಳೆ."

ಶೆಲ್ಬಿ ಹಾವನ್ನು ತಕ್ಷಣ ಒಳಗೆ ಬಿಡಲಿಲ್ಲ. ಮರದಲ್ಲಿ ವರ್ಷಗಟ್ಟಲೆಯ ನುಸಿಗುಳಿಗೆಯ ವಾಸನೆ ಇತ್ತು, ಅದು ಹಾವಿಗೆ ವಿಷ. ದಿನವೂ ಶಾಲೆಗೆ ಹೋಗುವ ಮುಂಚೆ ಬೀರನ್ನು ತೆರೆದು ವರಾಂಡದ ಬಿಸಿಲಿಗೆ ಇಡುವಳು. ಬಂದ ಮೇಲೆ ಒಳಗೆ ತಲೆ ತೂರಿಸಿ ಮೂಸುವಳು. ವಾಸನೆ ಪೂರ್ತಿ ಹೋಗುವವರೆಗೆ ಹೀಗೇ ನಡೆಯಿತು. ಅಷ್ಟು ತಾಳ್ಮೆಯನ್ನು ಅವಳು ಲೆಕ್ಕದ ಪಾಠಕ್ಕೆ ಕೊಟ್ಟಿದ್ದರೆ ಎಂದು ಜನೀನ್ ಹೇಳಿದಳು. ಹೇಳಿದಳಾದರೂ ಬೀರು ಹೊರಗೆ ಹೊರುವಾಗ ಇನ್ನೊಂದು ತುದಿ ಹಿಡಿಯುತ್ತಿದ್ದವಳು ಅವಳೇ.

ಈ ನಡುವೆ ಇನ್ನೊಂದು ಸಂಗತಿ ನಡೆಯಿತು. ವರ್ನಾ ಸೂಪು ಬಿಸಿ ಮಾಡಿ ಗ್ಯಾಸ್ ಒಲೆ ಆರಿಸುವುದನ್ನು ಮರೆತಳು. ಪಾತ್ರೆ ಕರಕಲಾಗಿ ಮನೆಯೆಲ್ಲ ಹೊಗೆ. ಏನೂ ಅನಾಹುತವಾಗಲಿಲ್ಲ. ಆದರೆ ಆ ವಾರ ಫ್ರಿಜ್ಜಿನ ಬಾಗಿಲಿಗೆ ಒಂದು ಬಣ್ಣದ ಹಾಳೆ ಬಂತು: ಜನೀನ್ ಕೆಲಸ ಮಾಡುವ ವೃದ್ಧರ ನಿವಾಸದ್ದು. ನಗುವ ಮುದುಕಿಯರ ಫೋಟೋ, ಗುಲಾಬಿ ತೋಟ. ಅಂಟಿಸಿದವನು ಗ್ಲಿನ್. ವರ್ನಾ ಹಾಲು ತೆಗೆದುಕೊಳ್ಳುವಾಗಲೆಲ್ಲ ಅದರ ಮುಂದೆ ಒಂದು ಕ್ಷಣ ನಿಂತು, ಹಾಲು ತೆಗೆದುಕೊಂಡು ಹೋಗುತ್ತಿದ್ದಳು.

ಬೀರು ನಡುಕೋಣೆಗೆ, ತೊಟ್ಟಿ ಇದ್ದ ಮೂಲೆಗೇ ಬಂತು, ಬೆರಿಲ್ ಅದರೊಳಗೆ ಹೋಯಿತು. ಶೆಲ್ಬಿ ಹಾವಿನ ಹೊಟ್ಟೆ ಸುಧಾರಿಸಲು ಬಿಟ್ಟು, ಆಮೇಲೆ ಚಿಕ್ಕದೊಂದು ಇಲಿ ಕೊಟ್ಟಳು. ಎಲ್ಲರೂ ಕಾದರು. ಬುಧವಾರ ಬೆರಿಲ್ ಅದನ್ನೂ ಕಕ್ಕಿತು.

"ಮುಗೀತು," ಎಂದ ಗ್ಲಿನ್. ಸಿಟ್ಟಿನಿಂದಲ್ಲ. "ಮಿಲ್ಡೂರಾದವನಿಗೆ ಫೋನ್ ಮಾಡ್ತೀನಿ. ಅದು ಬಿಸಿಲಿನ ಊರು, ಅಲ್ಲಿ ಬದುಕ್ಕೊಳ್ಳುತ್ತೆ. ನೋಡು ಅದರ ಬೆನ್ನು, ಮೂಳೆ ಕಾಣ್ತಿದೆ. ಪ್ರಾಣಿನ ಹೀಗೆ ನರಳಿಸಿ ಇಟ್ಕೊಳ್ಳೋದು ಪ್ರೀತಿ ಅಲ್ಲ ಶೆಲ್ಬಿ."

"ಒಂದು ವಾರ ಕೊಡು ಅಪ್ಪ. ಏನು ತಪ್ಪಾಗ್ತಿದೆ ಅಂತ ಕಂಡುಹಿಡೀತೀನಿ. ಹಿಡೀದೇ ಇದ್ರೆ ನಾನೇ ಕರ್ಕೊಂಡು ಹೋಗಿ ಕೊಟ್ಟು ಬರ್ತೀನಿ."

"ಕಣ್ಣೀರು ಹಾಕಬಾರದು ಆಮೇಲೆ."

"ಹಾಕಲ್ಲ," ಎಂದಳು ಶೆಲ್ಬಿ, ಹಾಕುತ್ತಲೇ.

ಜನೀನ್ ಮರುದಿನ ತನ್ನ ಅಡುಗೆಮನೆಯಿಂದ ಒಂದು ಥರ್ಮಾಮೀಟರು ತಂದಳು. ಮಾಂಸದ ಫ್ರಿಜ್ಜಿನಲ್ಲಿ ಇಡುವಂಥದ್ದು. ಅತಿ ಹೆಚ್ಚು ಎಷ್ಟಾಗಿತ್ತು, ಅತಿ ಕಡಿಮೆ ಎಷ್ಟಾಗಿತ್ತು ಎಂಬುದನ್ನು ಅದು ನೆನಪಿಟ್ಟುಕೊಳ್ಳುತ್ತದೆ. "ನಾಳಿದ್ದು ವಾಪಸ್ ಬೇಕು," ಎಂದಷ್ಟೇ ಹೇಳಿ ಮಗಳ ಕೈಗಿಟ್ಟಳು. ಶೆಲ್ಬಿ ಅದನ್ನು ಬಿಸಿ ತುದಿಯ ಡಬ್ಬಿಯೊಳಗಿಟ್ಟಳು.

ಮಾರನೆಯ ಸಂಜೆ ನೋಡಿದರೆ ಅತಿ ಕಡಿಮೆ: ಒಂಬತ್ತು ಡಿಗ್ರಿ. ಬೀರಿನೊಳಗೆ! ಹೊರಗಿನ ವರಾಂಡಕ್ಕೂ ಅದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಗುಂಡು ಕೆಟ್ಟಿಲ್ಲ, ಕೈ ಹಿಡಿದರೆ ಸುಡುತ್ತಿದೆ. ಹಾಗಾದರೆ ಅದು ಯಾವಾಗಲೋ ಆರುತ್ತಿದೆ, ಮತ್ತೆ ಯಾವಾಗಲೋ ಹೊತ್ತಿಕೊಳ್ಳುತ್ತಿದೆ.

ಶನಿವಾರ ಶೆಲ್ಬಿಗೆ ಬೇಕರಿಯಲ್ಲಿ ಕೆಲಸ. ಪ್ರತಿ ಸಲ ನಸುಕಿನಲ್ಲೇ ಎದ್ದು ಅಡುಗೆಮನೆಯ ಬಾಗಿಲಿನಿಂದ ಹೋಗಿಬಿಡುತ್ತಿದ್ದಳು. ಈ ಸಲ ಶೂ ಕೈಯಲ್ಲಿ ಹಿಡಿದು ನಡುಕೋಣೆಗೆ ಬಂದಳು. ಬೀರಿನ ಪಕ್ಕದ ಥರ್ಮೋಸ್ಟ್ಯಾಟಿನ ಕೆಂಪು ಅಂಕಿಗಳು ಇರಲಿಲ್ಲ. ಕತ್ತಲು. ಅವಳು ಬಗ್ಗಿ ನೋಡುವಷ್ಟರಲ್ಲಿ ಮನೆಯೊಳಗಿನ ಓಣಿಯಿಂದ ಕೋಲಿನ ಸದ್ದು ಬಂತು. ಅಜ್ಜಿ. ಗೋಡೆ ಹಿಡಿದುಕೊಂಡು ಬಂದಳು, ಶೆಲ್ಬಿ ನಿಂತ ಮೂಲೆಯ ಕಡೆ ನೋಡಲೂ ಇಲ್ಲ. ಸೊಂಟ ಹಿಡಿದು, ನರಳಿಕೊಂಡು ಬಗ್ಗಿ, ಗೋಡೆಯ ಕೆಳಗೆ ಕೈ ಹಾಕಿ ಸ್ವಿಚ್ಚು ಒತ್ತಿದಳು. ಟಿಕ್. ಟಿ.ವಿ.ಗೆ ಜೀವ ಬಂತು. ಅದೇ ಕ್ಷಣ ಕೆಂಪು ಅಂಕಿಗಳೂ ಹೊತ್ತಿಕೊಂಡವು.

ವರ್ನಾ ಬೆಳಗಿನ ಸುದ್ದಿಯ ಮುಂದೆ ಕುಳಿತಳು. ಶೆಲ್ಬಿ ಸದ್ದಿಲ್ಲದೆ ಹಿಂದಿನಿಂದ ಹೊರಗೆ ಹೋದಳು.

ಗೊತ್ತಿಲ್ಲದ ವಿಷಯವೇನೂ ಅಲ್ಲ. ಅಜ್ಜಿ ಮಲಗುವ ಮುಂಚೆ ಮನೆ ಸುತ್ತಿ ಎಲ್ಲವನ್ನೂ ಗೋಡೆಯ ಸ್ವಿಚ್ಚಿನಲ್ಲೇ ಆರಿಸುತ್ತಾಳೆ: ಕೆಟಲ್ಲು, ಟೋಸ್ಟರು, ರೇಡಿಯೋ. ಬಂಗರಿಯಲ್ಲಿ ಹಲಗೆ ಮನೆಗಳು, ಹಳೆಯ ತಂತಿಗಳು. ಅವಳು ಮದುವೆಯಾಗಿ ಬಂದ ವರ್ಷ ಪಕ್ಕದ ಮನೆ ಒಂದು ರೇಡಿಯೋದಿಂದ ಹೊತ್ತಿಕೊಂಡು ಬೂದಿಯಾಗಿತ್ತು. ಅವತ್ತಿನಿಂದ ಅವಳು ಸ್ವಿಚ್ಚು ಆರಿಸದೆ ಮಲಗಿದ್ದಿಲ್ಲ. ಮನೆಯವರೆಲ್ಲ ಇದನ್ನು ನೋಡಿ ನಗುತ್ತಿದ್ದರು. ಹಾವಿನ ತಂತಿ ಅದೇ ಬೋರ್ಡಿನಲ್ಲಿದೆ ಎಂಬುದು ಮಾತ್ರ ಯಾರಿಗೂ ಹೊಳೆದಿರಲಿಲ್ಲ.

ಶೆಲ್ಬಿ ಆ ದಿನ ಮಧ್ಯಾಹ್ನದವರೆಗೆ ಬನ್ನು ಜೋಡಿಸಿದಳು, ಪೈ ಕಟ್ಟಿಕೊಟ್ಟಳು. ಸಂಜೆ ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ಮೊದಲು ಒಲೆ, ಈಗ ಇದು. ಫ್ರಿಜ್ಜಿನ ಮೇಲಿನ ಹಾಳೆ ಇಳಿದು ಮೇಜಿಗೆ ಬರುತ್ತಿತ್ತು. ಬಿಸಿಲು ಕೋಣೆ ಖಾಲಿಯಾಗುತ್ತಿತ್ತು, ಬೆರಿಲ್ ಮತ್ತೆ ಅಲ್ಲಿಗೆ ಹೋಗುತ್ತಿತ್ತು.

"ಗೊತ್ತಾಯ್ತಾ ಏನು ತೊಂದ್ರೆ ಅಂತ?" ಊಟಕ್ಕೆ ಕುಳಿತಾಗ ಗ್ಲಿನ್ ಕೇಳಿದ.

"ಗೊತ್ತಾಯ್ತು." ಶೆಲ್ಬಿ ಕುಂಬಳಕಾಯಿ ಸೂಪಿಗೆ ಬ್ರೆಡ್ ಅದ್ದಿದಳು. "ಥರ್ಮೋಸ್ಟ್ಯಾಟ್ ನಾನೇ ತಪ್ಪಾಗಿ ಇಟ್ಟಿದ್ದೆ. ರಾತ್ರಿ ಹೊತ್ತು ಆಫ್ ಆಗ್ತಿತ್ತು."

"ನೀನು? ಮೂರು ವರ್ಷದಿಂದ ಸಾಕ್ತಿದೀಯ, ಇಷ್ಟು ಗೊತ್ತಾಗ್ಲಿಲ್ವಾ? ನಾನು ಎರಡು ವಾರ ಕೂತು ಬೀರು ಕುಯ್ದೆ, ನಿಮ್ಮಜ್ಜಿ ಮದುವೆ ಬೀರು! ಒಂದು ಗುಂಡಿ ಸರಿಯಾಗಿ ತಿರುಗಿಸಿದ್ರೆ ಆಗ್ತಿತ್ತು!"

"ಹೂಂ ಅಪ್ಪ. ತಪ್ಪಾಯ್ತು."

"ಇನ್ನೊಂದು ಸಲ ಕಕ್ಕಿದ್ರೆ ಮಿಲ್ಡೂರಾ. ಆಮೇಲೆ ಮಾತಿಲ್ಲ."

ವರ್ನಾ ಸೂಪು ಕುಡಿಯುತ್ತ ಮೊಮ್ಮಗಳನ್ನು ನೋಡಿದಳು. ಆ ಹುಡುಗಿ ಇಷ್ಟು ಸುಲಭಕ್ಕೆ ತಪ್ಪೊಪ್ಪಿಕೊಂಡದ್ದನ್ನು ಅವಳು ಹಿಂದೆ ಕಂಡಿರಲಿಲ್ಲ.

ಊಟದ ನಂತರ ಶೆಲ್ಬಿ ಹಾವಿನ ತಂತಿಯನ್ನು ಬೋರ್ಡಿನಿಂದ ಕಿತ್ತು, ಬೀರಿನ ಹಿಂದಿನ ಬೇರೆ ಪ್ಲಗ್ಗಿಗೆ ಹಾಕಿದಳು. ಅದರ ಸ್ವಿಚ್ಚಿನ ಮೇಲೆ, ಯಾರೂ ಒತ್ತದಂತೆ, ಜ್ಯಾಮ್ ಬಾಟಲಿಯ ಮುಚ್ಚಳವೊಂದನ್ನು ಟೇಪಿನಿಂದ ಅಂಟಿಸಿದಳು.

ಭಾನುವಾರ ಮಧ್ಯಾಹ್ನ ಕುರಿಯ ತೊಡೆ ಬೆಂದು ಮೇಜಿಗೆ ಬಂತು. ಗ್ಲಿನ್ ಚಾಕು ಮಸೆಯುತ್ತಿದ್ದ. ವರ್ನಾ ಸ್ವೆಟರಿನ ಜೇಬಿನಿಂದ ಆ ಮುಚ್ಚಳ ತೆಗೆದು ಪುದೀನ ಸಾಸಿನ ಪಕ್ಕ ಇಟ್ಟಳು. ಟೇಪು ಇನ್ನೂ ಅದಕ್ಕೆ ಅಂಟಿಕೊಂಡಿತ್ತು.

"ಇದು ನನ್ನ ಪ್ಲಮ್ ಜ್ಯಾಮಿನ ಮುಚ್ಚಳ."

ಶೆಲ್ಬಿ ಎದ್ದು ನಿಂತಳು. "ಅಜ್ಜಿ, ಸ್ವಿಚ್ಚು?"

"ಕೂತ್ಕೋ. ಮುಚ್ಚಳ ಮಾತ್ರ ತೆಗ್ದೆ, ಸ್ವಿಚ್ಚು ಮುಟ್ಟಿಲ್ಲ. ರಾತ್ರಿ ಬೀರು ಹಿಂದೆ ಹೊಸ ತಂತಿ ಕಂಡ್ತು, ಆರಿಸೋಣ ಅಂತ ಕೈ ಹಾಕಿದ್ರೆ ಇದು ಸಿಕ್ತು. ಗ್ಲಿನ್, ನಿನ್ನ ಮಗಳು ನಿಂಗೆ ಸುಳ್ಳು ಹೇಳಿದಾಳೆ."

ಗ್ಲಿನ್ ಚಾಕು ನಿಲ್ಲಿಸಿದ.

"ಥರ್ಮೋಸ್ಟ್ಯಾಟೂ ಅಲ್ಲ, ಗುಂಡೀನೂ ಅಲ್ಲ. ನಾನು. ದಿನಾ ರಾತ್ರಿ ಟಿ.ವಿ. ಆರಿಸ್ತಿದ್ದೆ, ಅದರ ಜೊತೆ ಬೆರಿಲ್ ಒಲೇನೂ ಆರಿಸ್ತಿದ್ದೆ. ಬೆಳಿಗ್ಗೆ ಮತ್ತೆ ಹಾಕ್ತಿದ್ದೆ. ಬೆಳಕೇ ಕೊಡದ ದೀಪ ಉರೀತಿದೆ ಅಂತ ನಂಗೆ ಹೇಗೆ ಗೊತ್ತಾಗ್ಬೇಕು? ಇವಳಿಗೆ ಗೊತ್ತಾಗಿದೆ. ಗೊತ್ತಾಗಿದ್ದೂ ನಿನ್ನ ಬೈಗುಳ ತಿಂದ್ಲು. ಯಾಕೆ ಅಂತ ಕೇಳು."

ಯಾರೂ ಕೇಳಬೇಕಾಗಲಿಲ್ಲ.

"ಹೇಳಿದ್ರೆ ನೀವು ಇದನ್ನೂ ಒಲೆ ಜೊತೆ ಸೇರಿಸ್ಕೋತಿದ್ರಿ," ಎಂದಳು ಶೆಲ್ಬಿ ತಟ್ಟೆ ನೋಡುತ್ತ.

ಮೇಜಿನ ಮೇಲೆ ಮಾಂಸ ಆರುತ್ತಿತ್ತು. ವರ್ನಾ ಮಗನ ಕಡೆ ತಿರುಗಿದಳು. "ಆ ಹಾಳೆ ಯಾಕೆ ಅಂಟಿಸಿದೀಯ ಅಂತ ನಂಗೆ ಗೊತ್ತಪ್ಪ. ಕಳಿಸೋದಿದ್ರೆ ನನ್ನ ಮುಖ ನೋಡಿ ಹೇಳು. ಫ್ರಿಜ್ಜಿನ ಕೈಲಿ ಹೇಳಿಸ್ಬೇಡ."

ಮೊದಲು ಮಾತಾಡಿದವಳು ಜನೀನ್. ಆಲೂಗಡ್ಡೆ ಬಡಿಸುತ್ತ, ತಲೆಯೆತ್ತದೆ ಹೇಳಿದಳು: "ಮರೆತು ಸ್ವಿಚ್ಚು ಆರಿಸದೇ ಬಿಡೋರನ್ನ ನಮ್ಮಲ್ಲಿ ಸೇರಿಸ್ಕೋತಾರೆ, ಗ್ಲಿನ್. ನೆನಪಿಟ್ಟುಕೊಂಡು ದಿನಾ ಆರಿಸೋರನ್ನ ಯಾರೂ ಸೇರಿಸ್ಕೊಳ್ಳಲ್ಲ. ಒಲೆ ವಿಷ್ಯಕ್ಕೆ, ಗ್ಯಾಸ್ ತಾನಾಗೇ ನಿಲ್ಲೋ ಒಲೆ ಬರುತ್ತೆ, ನಮ್ಮ ಅಡುಗೆಮನೇಲಿ ಇದೆ. ವರ್ನಾ, ನಿಮಗೆ ಕ್ಯಾರೆಟ್?"

"ಹಾಕು."

ಗ್ಲಿನ್ ಮುಚ್ಚಳವನ್ನು ಕೈಗೆತ್ತಿಕೊಂಡು ತಿರುಗಿಸಿದ. "ಆ ಪ್ಲಗ್ಗು ಟಿ.ವಿ. ಬೋರ್ಡಿಗೆ ಹಾಕಿದ್ದು ನಾನು," ಎಂದ. "ನಾನು ಆ ಮನೇಲೇ ಬೆಳೆದೋನು. ಓದ್ತಾ ಇದ್ದ ಹಾಗೇ ನನ್ನ ದೀಪ ಆರಿಸಿ ಹೋಗ್ತಿದ್ದೆ ನೀನು. ನಂಗಾದ್ರೂ ಗೊತ್ತಾಗ್ಬೇಕಿತ್ತು." ಆಮೇಲೆ ಮಗಳಿಗೆ, "ನಿನ್ನ ಬೈದಿದ್ದು ತಪ್ಪಾಯ್ತು ಕಣೆ," ಎಂದು ಅವಳ ತಟ್ಟೆಗೆ ಮೂಳೆಯ ಹತ್ತಿರದ ಒಳ್ಳೆಯ ತುಂಡು ಹಾಕಿದ. ಸಾಮಾನ್ಯವಾಗಿ ಅದು ಅವನದು.

"ಇನ್ನೊಂದು," ಎಂದಳು ವರ್ನಾ. "ಬೀರು ನನ್ನದು. ಅದು ನನ್ನ ಕೋಣೇಲಿ ಇರ್ಬೇಕು."

"ಕೋಣೇಲಿ ಹಿಡಿಸಲ್ವಲ್ಲ ಅಮ್ಮ?"

"ನಿಂತ್ರೆ ಹಿಡಿಸಲ್ಲ. ಮಲಗಿದ್ರೆ ಕಿಟಕಿ ಕೆಳಗೆ ಹಿಡಿಸುತ್ತೆ. ನಾನೂ ಅಳೆದಿದೀನಿ."

"ಅಜ್ಜಿ, ನಿಂಗೆ ಹಾವು ಕಂಡ್ರೆ ಆಗಲ್ಲ," ಎಂದಳು ಶೆಲ್ಬಿ.

"ನನ್ನ ನಾದಿನಿ ಬೆರಿಲ್ ಕಂಡ್ರೂ ಆಗ್ತಿರ್ಲಿಲ್ಲ. ಅವಳ ಎದುರು ಕೂತು ಹದಿನೆಂಟು ಕ್ರಿಸ್‌ಮಸ್ ಊಟ ಮಾಡಿದೀನಿ. ಇದಂತೂ ಮಾತಾಡೋದೂ ಇಲ್ಲ. ಬೀಗದ ಕೈ ನನ್ನ ಹತ್ರ ಇರ್ಲಿ, ಅಷ್ಟೇ."

ಬೀರು ಸಂಜೆಯೊಳಗೆ ಕಿಟಕಿಯ ಕೆಳಗೆ ಬಂತು. ಗ್ಲಿನ್ ಬಿಸಿಲು ನೇರವಾಗಿ ಗಾಜಿಗೆ ಬೀಳದಂತೆ ಇಟ್ಟ. ತಳಕ್ಕೆ ಹಾಸಲು ಪೇಪರು ಸಾಲದೆ ಬಂದಾಗ ಜನೀನ್ ಫ್ರಿಜ್ಜಿನ ಬಾಗಿಲಿನಿಂದ ಒಂದು ಹಾಳೆ ತಂದುಕೊಟ್ಟಳು. ಶೆಲ್ಬಿ ಅದನ್ನು ಗುಲಾಬಿ ತೋಟ ಕೆಳಮುಖವಾಗುವಂತೆ ಹಾಸಿದಳು.

ಬೆರಿಲ್‌ಗೆ ಎರಡು ವಾರ ಬರೀ ನೀರು. ಆಮೇಲೆ ಎಲ್ಲಕ್ಕಿಂತ ಚಿಕ್ಕ ಇಲಿ. ಶೆಲ್ಬಿ ಶಾಲೆಯಲ್ಲಿದ್ದಾಗ ಕಾವಲು ವರ್ನಾಳದು. ಅವಳು ಕುರ್ಚಿಯಲ್ಲಿ ಹೆಣೆಯುತ್ತ ಕೂರುವಳು, ಆಗಾಗ ಬೀರಿನ ಬಲತುದಿಯ ಮರದ ಮೇಲೆ ಅಂಗೈ ಇಟ್ಟು ನೋಡುವಳು. ರಾತ್ರಿ ಮಲಗುವ ಮುಂಚಿನ ಸುತ್ತು ಮೊದಲಿನಂತೆಯೇ ನಡೆಯಿತು. ಕೆಟಲ್ಲು, ಟಿಕ್. ಟೋಸ್ಟರು, ಟಿಕ್. ಟಿ.ವಿ., ಟಿಕ್. ಆಮೇಲೆ ಅವಳ ಕೋಣೆಯ ಬಾಗಿಲು ಮುಚ್ಚುವ ಸದ್ದು. ಮುಂದಿನ ಟಿಕ್ ಬರುವುದೇನೋ ಎಂದು ತಂದೆ ಮಗಳು ತಮ್ಮ ತಮ್ಮ ಹಾಸಿಗೆಯಲ್ಲಿ ಕಿವಿಗೊಟ್ಟು ಕೇಳುವರು. ಬರುತ್ತಿರಲಿಲ್ಲ.

ಬೆರಿಲ್ ಕಕ್ಕಲಿಲ್ಲ. ಆದರೆ ಅಷ್ಟರಿಂದ ಶೆಲ್ಬಿಗೆ ಸಮಾಧಾನವಿಲ್ಲ. ಇಲಿ ಪೂರ್ತಿ ಅರಗಿ ಹೊರಗೆ ಬರುವ ತನಕ ಏನೂ ಹೇಳುವಂತಿಲ್ಲ ಎಂದಳು. ಗ್ಲಿನ್ ಮಿಲ್ಡೂರಾದ ನಂಬರನ್ನು ಇನ್ನೂ ಫೋನಿನಲ್ಲೇ ಇಟ್ಟುಕೊಂಡಿದ್ದ.

ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ಮೂವರೂ ಅಡುಗೆಮನೆಯಲ್ಲಿ ಟೋಸ್ಟು ತಿನ್ನುತ್ತಿದ್ದರು. ಹೊರಗೆ ಹುಲ್ಲು ಬೆಳ್ಳಗಿತ್ತು. ವರ್ನಾ ಕೋಲಿಲ್ಲದೆ, ಗೋಡೆಯನ್ನೂ ಹಿಡಿಯದೆ ಬಾಗಿಲಿಗೆ ಬಂದು ನಿಂತಳು. ಮುಖ ಕೆಂಪಾಗಿತ್ತು.

"ಶೆಲ್ಬಿ, ಬೆರಿಲ್ ಹೇತಿದಾಳೆ."

ಶೆಲ್ಬಿ ಕುರ್ಚಿ ಬೀಳಿಸಿಕೊಂಡು ಎದ್ದಳು. "ನಿಜವಾಗ್ಲೂ? ಗಟ್ಟಿಯಾಗಿ?"

"ಗಟ್ಟಿಯಾಗಿ. ಆ ಗುಲಾಬಿ ತೋಟದ ಹಾಳೆ ಮೇಲೇ. ಇಲಿ ಕೂದಲು ಬಿಟ್ರೆ ಬೇರೇನೂ ಉಳಿಸಿಲ್ಲ."

"ಅಮ್ಮ, ನಾನು ತಿಂಡಿ ತಿಂತಿದೀನಿ," ಎಂದ ಗ್ಲಿನ್. ಆದರೂ ಟೋಸ್ಟು ಕೆಳಗಿಟ್ಟು, ಕೈ ಒರೆಸಿಕೊಂಡು, ಫೋನು ತೆಗೆದು ಯಾವುದೋ ಒಂದು ನಂಬರನ್ನು ಅಳಿಸಿದ.

ವರ್ನಾ ಕತ್ತಿನ ದಾರದಿಂದ ಬೀಗದ ಕೈ ಬಿಚ್ಚಿ ಮೊಮ್ಮಗಳಿಗೆ ಕೊಟ್ಟಳು. "ಹೋಗಿ ತೆಗಿ. ಮೆಲ್ಲಗೆ ಹೋಗು, ಬಿಸಿ ಕಡೆ ಮಲಗಿದಾಳೆ. ಎಬ್ಬಿಸ್ಬೇಡ."